ಊದಿ ನೋಡುವುದು

ಡಬ್ಬದ ಮೇಲಿನ ಅಂಕಿ ಓದಬೇಡ, ಊದು,
ಅಂತಿದ್ದರು ಖುದ್ದೂಸ್ ಸಾಬರು.
ತುಟಿಗೆ ಒಂದು ಗೇಣು ದೂರ ಹಿಡಿದು
ಹಾಲಿನ ಕೆನೆ ಸರಿಸುವಷ್ಟು ಉಸಿರು. ಆಮೇಲೆ ಎಣಿಸು.
ಒಳ್ಳೆಯ ಫ್ಯಾನು ಯಾವಾಗ ನಿಂತಿತೆಂದು ಗೊತ್ತಾಗುವುದಿಲ್ಲ.
ಕೆಟ್ಟದ್ದು ಗಕ್ಕೆನ್ನುತ್ತದೆ,
ಸಾಲ ಕೇಳಿದಾಗ ಮಾತು ನಿಲ್ಲಿಸಿದ ನೆಂಟನ ಹಾಗೆ.

ಎಸ್.ಪಿ. ರೋಡಿನ ಈ ಮೆಟ್ಟಿಲ ಕೆಳಗೆ ನನಗೆ ಇಪ್ಪತ್ತೆರಡು ವರ್ಷ.
ಧೂಳು ನೋಡಿ ಏರಿಯಾ ಹೇಳುತ್ತೇನೆ.
ಕೆಂಪಗಿದ್ದರೆ ಬಾಗಲೂರಿನಾಚೆ, ಇನ್ನೂ ಸೈಟು ಅಗೆಯುತ್ತಿದ್ದಾರೆ.
ಬೆಳ್ಳಗೆ ನುಣ್ಣಗಿದ್ದರೆ ಪಕ್ಕದಲ್ಲಿ ಹಿಟ್ಟಿನ ಗಿರಣಿ.
ಜಿಡ್ಡುಗಟ್ಟಿ ಕಪ್ಪಗೆ ಅಂಟಿದ್ದರೆ ದರ್ಶಿನಿಯ ಬಿಲ್ ಕೌಂಟರು,
ಕೆರೆದರೆ ಒಗ್ಗರಣೆ ವಾಸನೆ.

ಒಮ್ಮೆ ಬೂದಿ. ಬರೀ ಬೂದಿ.
ಅಗರಬತ್ತಿ ಫ್ಯಾಕ್ಟರಿಯಾ ಅಂದೆ.
ಅಲ್ಲ ಸಾರ್, ಚಿತಾಗಾರದ ಆಫೀಸು, ಅಂದ ಹುಡುಗ.
ಬ್ರಷ್ಷು ಕೆಳಗಿಟ್ಟು ಕೈ ತೊಳೆದು ಬಂದೆ.
ಮತ್ತೆ ಎತ್ತಿಕೊಂಡೆ.
ಅಲ್ಲೂ ರಸೀದಿ ಹೊರಗೆ ಬರಬೇಕಲ್ಲ.

ಎಸಳು ಏಳು, ಒಂಬತ್ತು, ಹನ್ನೊಂದು. ಹಿಂದಿನ ಕಡ್ಡಿ ನಾಲ್ಕು.
ಬೆಸ ಸಂಖ್ಯೆ ಶಕುನಕ್ಕಲ್ಲ:
ಎಲ್ಲ ಎಸಳೂ ಒಂದೇ ಸಲ ಕಡ್ಡಿ ದಾಟಿದರೆ
ಗಾಳಿ ಚಪ್ಪಾಳೆ ಹೊಡೆಯುತ್ತದೆ.
ನಮಾಜು ಮುಗಿದ ಮೇಲೆ ಎಲ್ಲರೂ ಒಟ್ಟಿಗೇ
ಚಪ್ಪಲಿ ಹುಡುಕಬಾರದು, ಅಂತಿದ್ದರು ಸಾಬರು.
ಕಡ್ಡಿ ನೆಟ್ಟಗಿದ್ದರೆ ಕೊಳ್ಳಬೇಡ, ಎಸಳಿಗೆ ಎದುರಾಗಿ ಬಾಗಿರಲಿ.
ಅಂಚಿಗೆ ಉಗುರು ಆಡಿಸು;
ಅಚ್ಚಿನ ಸಿಪ್ಪೆ ಸಿಕ್ಕಿತೋ,
ಮಾಡಿದವನಿಗೆ ಮನೆಗೆ ಹೋಗುವ ಅವಸರವಿತ್ತು.
ಎಸಳಿಗೂ ಚೌಕಟ್ಟಿಗೂ ನಡುವೆ ಒಂದು ಪೋಸ್ಟ್ ಕಾರ್ಡ್ ತೂರಬೇಕು.
ಎರಡು ತೂರಿದರೆ ಆ ಸಂದಿನಲ್ಲೇ ಗಾಳಿ ವಾಪಸು.

ಬಣ್ಣದ ದೀಪದ ಮಾತು ಬೇಡ. ಮಾರುತ್ತೇನೆ.
ದೀಪ ಕೆಟ್ಟಿತೆಂದು ಯಾರೂ ಬಂದಿಲ್ಲ,
ಕಾಮನಬಿಲ್ಲು ಉರಿಯುತ್ತಲೇ ಇರುತ್ತದೆ, ಒಳಗೆ ಕರಕರ.
ಸ್ಟಿಕ್ಕರು ಎಬ್ಬಿಸಿ ಹೊಲಿಗೆ ಮಿಷನ್ನಿನ ಎಣ್ಣೆ ಒಂದೇ ತೊಟ್ಟು.
ಆರು ತಿಂಗಳು ತಳ್ಳುತ್ತದೆ. ನಾನೂ ಹಾಗೇ ಹೇಳಿ ಕಳಿಸುತ್ತೇನೆ.

ಗಾಂಧಿನಗರದಿಂದ ಪ್ರಭಾಮಣಿ ಬಂದರು, ಡಬ್ಬಿಂಗ್ ಸ್ಟುಡಿಯೋದವರು.
ಒಯ್ದ ಮೂರನ್ನೂ ಕೌಂಟರಿನ ಮೇಲೆ ಸಾಲಾಗಿ ಇಟ್ಟರು:
ನಾಯಕಿ ಸತ್ತ ಸೀನು ಕಣ್ರೀ,
ಹಿಂದೆ ನಿಮ್ಮ ಫ್ಯಾನು ಉಸಿರಾಡ್ತಾ ಇದೆ.

ನಾಲ್ಕನೆಯದನ್ನು ನಾನೇ ಹಿಡಿದುಕೊಂಡು ಹೋದೆ.
ದೊಡ್ಡದು, ಒಂಬತ್ತು ಎಸಳು,
ಮೂಲೆಗೆ ರಬ್ಬರು, ಬಣ್ಣ ಮಣ್ಣಿನದು, ಅಂದವಿಲ್ಲ.
ಚಿಕ್ಕದು ಓಡಬೇಕು, ದೊಡ್ಡದು ನಡೆದರೆ ಸಾಕು.
ಕಿವಿ ಇಟ್ಟು ಕೇಳಿದರು.
ನಿಂತಿದೆ, ಅಂದರು. ತಿರುಗುತ್ತಿತ್ತು.

ರಾತ್ರಿ ಹನ್ನೊಂದಕ್ಕೆ ಫೋನು, ನಿಂತ್ಹೋಯ್ತು ಅನ್ಸುತ್ತೆ.
ಮಾರನೆ ರಾತ್ರಿಯೂ.
ಮೂರನೆಯ ಸಲ ಅಲ್ಲಿಗೇ ಹೋದೆ.
ಅಲ್ಲಿ ಗೋಡೆಗೆಲ್ಲ ಸ್ಪಂಜು,
ನನ್ನ ರಕ್ತ ನನಗೇ ಕೇಳುವಷ್ಟು ಮೌನ,
ಅದರೊಳಗೆ ಆ ಫ್ಯಾನು ಇತ್ತೋ ಇಲ್ಲವೋ
ನನಗೂ ಗೊತ್ತಾಗಲಿಲ್ಲ.
ಎಡಗಿವಿ ನನಗೆ ಎರಡು ವರ್ಷದಿಂದ ಮಂದ.
ಅದನ್ನು ಗಿರಾಕಿಗೆ ಹೇಳುವುದುಂಟೇ.

ಅವರು ಮುಡಿಯಿಂದ ಬಾಡಿದ ಮಲ್ಲಿಗೆ ಎಳೆದರು,
ಬಾಳೆನಾರನ್ನು ಉಗುರಿನಲ್ಲಿ ಸೀಳಿ
ಕೂದಲಷ್ಟು ಸಣ್ಣದು ಮಾಡಿ ಜಾಲರಿಗೆ ಕಟ್ಟಿದರು.
ಅದು ಮೆಲ್ಲಗೆ ಆಚೆಗೆ ಬಾಗಿತು. ನಡುಗುತ್ತಾ ಬಾಗಿಯೇ ಇತ್ತು.

ಹೂಂ, ಅಂದರು. ಟೇಕ್ ಶುರು ಮಾಡಿ.

ಈಗ ಸದ್ದಿಲ್ಲದ ಫ್ಯಾನು ಮಾರಿದಾಗ
ಡಬ್ಬದಲ್ಲಿ ಒಂದು ನಾರು ಇಟ್ಟು ಕೊಡುತ್ತೇನೆ.
ಮಾರ್ಕೆಟ್ಟಿನ ಮುನಿಲಕ್ಷ್ಮಮ್ಮನ ಹತ್ತಿರ ದಿನಾ ಬೆಳಿಗ್ಗೆ ಅದೇ ಜಗಳ:
ಮೊಳಕ್ಕೆ ಮೂವತ್ತು, ತಗೊಂಡ್ ಹೋಗು.
ಹೂವು ಬೇಡಮ್ಮ, ಬರೀ ನಾರು.
ಹೂವಿಲ್ದೆ ನಾರು ಯಾವೋಳ್ಗಪ್ಪ,
ಅಂತ ಮುಖ ನೋಡುತ್ತಾಳೆ.